ಕಡಲ ಕಡೆಯ ಬಾಗಿಲು

ಯಾವ ಹೊಸ ಕಟ್ಟಡದೊಳಗೆ ಹೋದರೂ ಸರ್ ಮೊದಲು ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದರು. ಆಮೇಲೆ ಕೇಳುತ್ತಿದ್ದರು: “ಇಲ್ಲಿಗಿ ನೀರ್ ಎಲ್ಲಿಂದ ಬರ್ತಾವ?” ಸ್ಯಾನ್ ಡಿಯೇಗೋ ಹತ್ತಿರದ ಡೆಲ್ ಮಾರ್‌ನಲ್ಲಿ ನನ್ನ ಮದುವೆಯ ರಿಸೆಪ್ಷನ್ ಇಟ್ಟುಕೊಂಡಾಗ ಹಾಲ್‌ನ ಮ್ಯಾನೇಜರನ್ನೂ ಬಿಡಲಿಲ್ಲ. ಆತ ಪಾಪ ನಲ್ಲಿಯನ್ನು ತೋರಿಸಿದ. “ನಲ್ಲಿ ಖರೇ, ಅದ್ರ ಹಿಂದ?” ಎಂದು ಸರ್ ಇಂಗ್ಲಿಷಿನಲ್ಲಿ ಮತ್ತೆ ಕೇಳಿದರು. ಆತನಿಗೆ ಗೊತ್ತಿರಲಿಲ್ಲ. ಎಲ್ಲೋ ಮರುಭೂಮಿಯಾಚೆಯ ಕೊಲೊರಾಡೋ ನದಿ ಕಾಲುವೆ ಹತ್ತಿ ಬೆಟ್ಟ ದಾಟಿ ಈ ಊರಿನ ಲೋಟಕ್ಕೆ ಬರುವ ಕಥೆಯನ್ನು ಸರ್ ನನ್ನ ಮಾವನವರಿಗೆ ಹೇಳುತ್ತ ನಿಂತರು. ಊಟ ಆರಿತು. ಮಾವನವರು ಈಗಲೂ ಅವರನ್ನು ‘ಆ ನೀರಿನ ಮೇಷ್ಟ್ರು’ ಎಂದೇ ನೆನೆಯುತ್ತಾರೆ.

ಸರ್ ಈ ವರ್ಷದ ಜನವರಿಯಲ್ಲಿ ಸ್ಯಾನ್ ಡಿಯೇಗೋದಲ್ಲಿ ತೀರಿಕೊಂಡರು. ಕಾಲೇಜಿಗೆ ಹೊರಡಲು ಶೂ ಕಟ್ಟಿಕೊಳ್ಳುತ್ತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ಐವತ್ತೇಳು ವಯಸ್ಸು. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಬರೆದರೆ ಬೇರೆ ಯಾರ ಬಗೆಗೋ ಬರೆದಂತಾಗುತ್ತದೆ. ನಮಗೆಲ್ಲ ಅವರು ಸರ್. ನರ್ಸ್ ಆಗಿದ್ದ ಅವರ ಹೆಂಡತಿ ಸಿಸ್ಟರ್.

ನಾನು ದಾವಣಗೆರೆಯಿಂದ ಎಂ.ಎಸ್. ಓದಲು ಲಾಸ್ ಏಂಜಲಿಸ್‌ನ ನಾರ್ತ್‌ರಿಜ್‌ಗೆ ಬಂದದ್ದು 2008ರ ಆಗಸ್ಟಿನಲ್ಲಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಐದು ಜನ. ಬಂದ ವಾರವೇ ಕೆಳಗಿನ ಲಾಂಡ್ರಿ ಕೋಣೆಯಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಬಟ್ಟೆ ಒಗೆಯುವ ಯಂತ್ರದ ಪಕ್ಕ ನಿಂತು ಗೋಡೆ ತಟ್ಟುತ್ತಿದ್ದ ಸಣಕಲು ಮನುಷ್ಯರೊಬ್ಬರು, ನಾನು ಫೋನಿಡುವವರೆಗೂ ಕಾದು ಕೇಳಿದರು.

“ಯಾವೂರ್ ತಮ್ಮಾ?”

“ದಾವಣಗೆರೆ. ನೀವು ಅಂಕಲ್?”

“ಬೀದರ್. ಅಂಕಲ್ ಅನ್ಬ್ಯಾಡ. ಹದಿನೆಂಟ್ ವರ್ಷ ಕಾಲೇಜಿನ್ಯಾಗ ಹಿಸ್ಟರಿ ಹೇಳೀನಿ. ಸರ್ ಅನ್, ಮೈಗಿ ಹಿಡಸ್ತದ.”

ಗಂಡಹೆಂಡತಿ ನಮ್ಮ ಕಟ್ಟಡದಲ್ಲೇ ಇದ್ದರು. ಇಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕದ್ದು ಸಿಸ್ಟರ್‌ಗೆ. ಸರ್ ಅವರ ಡಿಪೆಂಡೆಂಟ್ ಆಗಿ ಬಂದಿದ್ದರು. ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಓದಬಹುದು. ನಲವತ್ತಾರನೇ ವಯಸ್ಸಿನಲ್ಲಿ ಅವರು ಇಪ್ಪತ್ತೆರಡರ ಹುಡುಗರ ಪಕ್ಕ ಕೂತು ಇನ್ನೊಂದು ಎಂ.ಎ.ಗೆ ಸೇರಿಕೊಂಡಿದ್ದರು. ಬಿಸಿಲಿಗೆ ಕಪ್ಪು ಛತ್ರಿ ಹಿಡಿದು, ಕೊರಳಿಗೆ ಕರವಸ್ತ್ರ ಸುತ್ತಿ ಕ್ಯಾಂಪಸ್ಸಿಗೆ ನಡೆದೇ ಹೋಗುತ್ತಿದ್ದರು. ಲಾಸ್ ಏಂಜಲಿಸ್‌ನಲ್ಲಿ ನಡೆಯುವವರೇ ಕಡಿಮೆ. ಮಳೆಯಿಲ್ಲದ ದಿನ ಛತ್ರಿ ಹಿಡಿದು ನಡೆಯುವವರು ಅವರೊಬ್ಬರೇ ಇದ್ದರೆಂದು ಕಾಣುತ್ತದೆ. ಬಸ್ ಡ್ರೈವರುಗಳು ಕೈ ಬೀಸುತ್ತಿದ್ದರು.

ಎಂ.ಎ. ಪ್ರಬಂಧವನ್ನು ಅವರು ಬರೆಯಬೇಕೆಂದುಕೊಂಡಿದ್ದದ್ದು ಬೀದರ್ ಕೋಟೆಯ ಬಗ್ಗೆ. ಆದರೆ ಅವರ ಪ್ರೊಫೆಸರಮ್ಮನಿಗೆ ದಕ್ಖನ್ನಿನ ಗಂಧವಿರಲಿಲ್ಲ. ಆಕೆಯ ವಿಷಯ ಮಧ್ಯಯುಗದ ಸ್ಕಾಟ್‌ಲ್ಯಾಂಡ್. ಅಲ್ಲಿನ ಪೂರ್ವ ಕರಾವಳಿಯ ಒಂದು ಪಾಳುಕೋಟೆಯ ನಕ್ಷೆ, ಹಳೆಯ ಪತ್ರಗಳ ನಕಲು ಒಂದು ಪೆಟ್ಟಿಗೆ ತುಂಬ ಆಕೆಯ ಕೋಣೆಯಲ್ಲಿತ್ತು. ಇದರ ಮೇಲೆ ಬರೆಯುವುದಾದರೆ ಮಾರ್ಗದರ್ಶನ ಮಾಡುತ್ತೇನೆ ಎಂದರು. ಸರ್ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದರು.

“ಬೀದರ್ ಬಿಟ್ಟು ಸ್ಕಾಟ್‌ಲ್ಯಾಂಡಾ ಸರ್?” ಎಂದು ಕೇಳಿದೆ.

“ಊರು ಬ್ಯಾರೆ, ಕಲ್ಲು ಬ್ಯಾರೆ. ಒಳಗ ಕುಂತವ್ರ ಹೆದ್ರಿಕಿ ಒಂದೇ ಅಲ್ಲೇನು?” ಎಂದರು.

ಆ ನವೆಂಬರಿನ ರಜೆಯಲ್ಲಿ ಅಮೆರಿಕನ್ ಹುಡುಗರೆಲ್ಲ ಊರಿಗೆ ಹೋಗಿ ನಮ್ಮ ಪಾರ್ಕಿಂಗ್ ಜಾಗ ಖಾಲಿಯಾಯಿತು. ಸರ್ ಒಂದು ಡಬ್ಬಿ ಸೀಮೆಸುಣ್ಣ ತಂದು ಕೋಟೆಯನ್ನು ಅದರ ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆಯತೊಡಗಿದರು. ಹಗ್ಗ ಹಿಡಿಯಲು ನಾವು ನಾಲ್ವರು. ಮುಂದಿನ ಬುರುಜು ಕಸದ ತೊಟ್ಟಿಗಳನ್ನು ದಾಟಿ ಪಕ್ಕದ ಕಾಂಪೌಂಡಿಗೆ ಹೋಗುತ್ತಿತ್ತು, ಅದನ್ನು ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಅಂಗಳ, ಬಾವಿ, ದರ್ಬಾರು, ಅಡುಗೆಮನೆ ಎಲ್ಲ ಮೂಡಿದವು. ದರ್ಬಾರಿನಲ್ಲಿ ಯಾರದೋ ಹಳೆಯ ಹೊಂಡಾ ಕಾರು ನಿಂತಿತ್ತು. ಗೋಡೆಯ ಗೆರೆ ತುಳಿದರೆ ಸರ್ ಬೈಯುತ್ತಿದ್ದರು, ಬಾಗಿಲಿದ್ದಲ್ಲೇ ದಾಟಬೇಕು.

ಆ ಗೆರೆಗಳೊಳಗೆ ನಮ್ಮನ್ನು ಸುತ್ತಾಡಿಸುತ್ತ ಕೋಟೆಯ ಕಥೆ ಹೇಳಿದರು. ಮೂರು ಕಡೆ ಸಮುದ್ರ, ಒಂದು ಕಡೆ ಕತ್ತಿನಂಥ ಸಣ್ಣ ದಾರಿ. ಕಟ್ಟಿದ ಒಡೆಯ ಗಾಳಿ ಬಂದಂತೆ ಒಮ್ಮೆ ಇಂಗ್ಲಿಷ್ ಅರಸನ ಕಡೆ, ಒಮ್ಮೆ ತನ್ನ ಅರಸನ ಕಡೆ. ಕೊನೆಗೆ ಶತ್ರುಗಳು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಬಾವಿಯಿತ್ತು, ಹಿಟ್ಟಿತ್ತು, ಕೋಟೆ ಬೀಳಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಬಿದ್ದಿತು. ಒಡೆಯ ಹೇಗೋ ಪಾರಾದ, ಉಳಿದವರು ಸತ್ತರು. ಮುಂದೆ ಅಲ್ಲಿನ ಅರಸನೇ, ಇನ್ನೊಮ್ಮೆ ಇದು ಶತ್ರುವಿನ ಕೈಗೆ ಸಿಗಬಾರದೆಂದು ಗೋಡೆಗಳನ್ನು ಕೆಡವಿಸಿದ.

“ಬಿದ್ದದ್ದು ಹ್ಯಾಂಗ?” ಎಂದು ತಾವೇ ಕೇಳಿ, ಅಡುಗೆಮನೆಯ ಗೆರೆಯ ಮೂಲೆಗೆ ಹೋಗಿ ನಿಂತರು. ಅಲ್ಲಿಂದ ಗೋಡೆಯ ದಪ್ಪದೊಳಗೆ ಹಾದು ಸಮುದ್ರದ ಕಡೆ ತೆರೆಯುವ ಒಂದು ಸಣ್ಣ ದಾರಿ ನಕ್ಷೆಯಲ್ಲಿತ್ತು. ಒಳಗಿನ ಬಾಯಿ ಮೂರಡಿ, ಮೂರು ಮೆಟ್ಟಿಲು, ಆಮೇಲೆ ಚುಕ್ಕಿಗೆರೆ. ಊರವರ ಕಥೆಯ ಪ್ರಕಾರ ಅಡುಗೆಮನೆಯ ಒಬ್ಬ ಕೆಲಸದ ಹುಡುಗಿ ಶತ್ರುವಿನ ಆಸೆಮಾತಿಗೆ ಮರುಳಾಗಿ ಕಡಲ ಕಡೆಯ ಈ ಬಾಗಿಲನ್ನು ತೆರೆದಳು. ದೋಣಿಗಳಲ್ಲಿ ಬಂದವರು ಒಳಗೆ ನುಗ್ಗಿದರು. ಆ ಊರಲ್ಲಿ ಸುಳ್ಳು ಹೇಳುವ ಹೆಣ್ಣುಮಕ್ಕಳನ್ನು ತಾಯಂದಿರು ಈಗಲೂ ಅವಳ ಹೆಸರಿಂದಲೇ ಗದರುತ್ತಾರಂತೆ. ಹೆಸರೆಂದರೆ ಹೆಸರೂ ಅಲ್ಲ, ‘ಅಡುಗೆಮನೆಯವಳು’ ಅಷ್ಟೇ.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು. ಸರ್ ಅವಳನ್ನೂ ಮುಂಬಾಗಿಲಿಂದಲೇ ಕರೆದುಕೊಂಡು ಬಂದು ಕೋಟೆಯೆಲ್ಲ ತೋರಿಸಿದರು. ಅವಳು ಎಲ್ಲ ನೋಡಿ, “ಅಡುಗೆ ಮಾಡುವವರು ಎಲ್ಲಿ ಮಲಗುತ್ತಿದ್ದರು?” ಎಂದು ಕೇಳಿದಳು. ಸರ್ ಜೇಬಿನಿಂದ ಪುಸ್ತಕ ತೆಗೆದು ಪ್ರಶ್ನೆಯನ್ನು ಬರೆದುಕೊಂಡರು. ಸೋಮವಾರದೊಳಗೆ ಇದನ್ನೆಲ್ಲ ತೊಳೆಯಬೇಕು ಎಂದು ಹೇಳಿ ಅವಳು ಹೋದಳು.

ಪ್ರಬಂಧದಲ್ಲಿ ಆ ಬಾಗಿಲಿಗೆ ಒಂದು ಇಡೀ ಅಧ್ಯಾಯವಿತ್ತು. ಜನ ಹೇಳುವ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕಬಾರದು, ದಾರಿಯ ಅಳತೆ ನೋಡಿದರೆ ಹುಡುಗಿ ಬಾಗಿಲು ತೆರೆದದ್ದು ಸಾಧ್ಯವಿರುವ ಸಂಗತಿ ಎಂದು ಸರ್ ವಾದಿಸಿದ್ದರು. ಪರೀಕ್ಷಕರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಆ ಅಧ್ಯಾಯವನ್ನೇ. ಪ್ರೊಫೆಸರಮ್ಮ ಸ್ಕಾಟ್‌ಲ್ಯಾಂಡಿನ ಒಂದು ಇತಿಹಾಸ ಸಂಘಕ್ಕೆ ಬರೆದರು, ಸಂಘದವರು ಸರ್ ಅವರನ್ನು ಮಾತಾಡಲು ಕರೆದರು ಕೂಡ.

ಸರ್ ಹೋಗಲಿಲ್ಲ. ಪಾಸ್‌ಪೋರ್ಟಿನಲ್ಲಿದ್ದ ಅಮೆರಿಕದ ವೀಸಾ ಮುಗಿದು ಆಗಲೇ ಬಹಳ ದಿನವಾಗಿತ್ತು. ದೇಶದೊಳಗೆ ಇರಲು ಅಡ್ಡಿಯಿಲ್ಲ. ಹೊರಗೆ ಹೋದರೆ ಮತ್ತೆ ಮುದ್ರೆ ಹಾಕಿಸಿಕೊಂಡೇ ಒಳಗೆ ಬರಬೇಕು, ಅದು ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ಸಿಸ್ಟರ್‌ರ ಗ್ರೀನ್ ಕಾರ್ಡ್ ಅರ್ಜಿ ಸರದಿಯಲ್ಲಿತ್ತು. “ಹೋಗ್ಲಿಕ್ಕ ಯಾರೂ ಬ್ಯಾಡ ಅನ್ನಂಗಿಲ್ಲ ತಮ್ಮಾ. ತಿರುಗಿ ಬರ್ಲಿಕ್ಕ ಆಗ್ಲಿಲ್ಲಂದ್ರ ಆಕಿ ಒಬ್ಬಾಕಿ ಇಲ್ಲಿ,” ಎಂದರು. ಬರೆದು ಕಳಿಸಿದ ಭಾಷಣವನ್ನು ಅಲ್ಲಿ ಬೇರೆ ಯಾರೋ ಓದಿದರು. ಆ ದಿನ ಸರ್ ತಮ್ಮ ಒಂದೇ ಒಂದು ಕೋಟು ಹಾಕಿಕೊಂಡು ಲೈಬ್ರರಿಗೆ ಹೋಗಿ ಸಂಜೆಯವರೆಗೂ ಸುಮ್ಮನೆ ಕೂತು ಬಂದರೆಂದು ಸಿಸ್ಟರ್ ಹೇಳಿದ್ದರು.

ನಾನು ಓದು ಮುಗಿಸಿ ಸ್ಯಾನ್ ಡಿಯೇಗೋದ ಟೆಲಿಕಾಂ ಕಂಪನಿಯೊಂದಕ್ಕೆ ಸೇರಿದೆ. ಮೂರು ವರ್ಷದ ನಂತರ ಸಿಸ್ಟರ್‌ಗೂ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅವರೂ ಬಂದರು. ಹೊತ್ತಿಗೆ ಸರಿಯಾಗಿ ಸರ್‌ಗೆ ವರ್ಕ್ ಪರ್ಮಿಟ್ ಬಂತು. ಕಮ್ಯುನಿಟಿ ಕಾಲೇಜೊಂದರಲ್ಲಿ ಪಾರ್ಟ್ ಟೈಮ್ ಪಾಠ. ನೌಕಾಪಡೆ ಬಿಟ್ಟು ಬಂದ ಗಂಡಸರು, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬಂದ ಹೆಂಗಸರು ಅವರ ವಿದ್ಯಾರ್ಥಿಗಳು. ಬೀದರಿನ ಇಂಗ್ಲಿಷಿನಲ್ಲಿ ಅವರಿಗೆ ರೋಮ್, ಚೀನಾ ಎಲ್ಲ ಹೇಳುತ್ತಿದ್ದರು. ಎಲ್ಲರಿಂದಲೂ ಗೋಡೆ ತಟ್ಟಿಸುತ್ತಿದ್ದರಂತೆ.

ಗ್ರೀನ್ ಕಾರ್ಡ್ ಬಂದದ್ದು 2016ರ ಕೊನೆಯಲ್ಲಿ. ಮೊದಲು ಬೀದರಿಗೆ ಹೋಗಿ ಬಂದರು. ಮುಂದಿನ ಬೇಸಿಗೆಗೆ ಬ್ರಿಟಿಷ್ ವೀಸಾ ಅಪ್ಲೈ ಮಾಡಿ, ಸಿಕ್ಕ ದಿನವೇ ನನಗೆ ಫೋನ್ ಮಾಡಿದರು. ಅವರು ಏನೂ ಹೇಳುವ ಮೊದಲೇ ಸಿಸ್ಟರ್ ಫೋನ್ ಕಸಿದುಕೊಂಡರು.

“ನೀನೂ ಬಾರಪಾ. ಇವ್ರು ಮ್ಯಾಲ ನೋಡ್ಕೋತ ನಡೀತಾರ, ಕೆಳಗ ನೋಡಂಗಿಲ್ಲ. ಅಲ್ಲಿ ಮೂರೂ ಕಡಿ ಸಮುದ್ರ ಅದ ಅಂತ ತಾವೇ ಹೇಳ್ತಾರ.”

ಹಾಗೆ ಡ್ರೈವರ್ ಆಗಿ ನಾನು ಹೋದೆ. ಕೋಟೆಗೆ ತಲುಪಿದಾಗ ಬೆಳಿಗ್ಗೆ ಹತ್ತು. ಜೂನ್ ತಿಂಗಳಲ್ಲೂ ಕಿವಿ ಕೊರೆಯುವ ಗಾಳಿ. ಟಿಕೆಟ್ ಕಿಟಕಿಯ ಮುದುಕ ನಕ್ಷೆ ಕೊಡಲು ಬಂದರೆ ಸರ್ ಬೇಡವೆಂದು ಕೈಯಾಡಿಸಿದರು. ಆ ಸಣ್ಣ ದಾರಿಯಲ್ಲಿ ನಮಗಿಂತ ಮುಂದೆ, ಹೆಚ್ಚುಕಡಿಮೆ ಓಡುತ್ತ ಹೋದರು. “ಬಾಗ್ಲಾ ದಾಟಿದ್ರ ಎಡಕ್ಕ ಏಳು ಮೆಟ್ಲು,” ಎಂದು ಕೂಗಿದರು. ಏಳೇ ಇದ್ದವು, ಮೂರನೆಯದು ಮುರಿದಿತ್ತು. ಮೇಲೆ ಚಾವಣಿಯಿಲ್ಲ, ದರ್ಬಾರಿನ ತುಂಬ ಹುಲ್ಲು, ಕಿಟಕಿಗಳಲ್ಲಿ ಕಡಲಹಕ್ಕಿಗಳ ಗೂಡು. ಸರ್ ಬಾಗಿಲ ಪಕ್ಕದ ಗೋಡೆಯನ್ನು ಎರಡು ಸಲ ತಟ್ಟಿ, ಮೂರನೆಯ ಸಲ ಇಟ್ಟ ಕೈಯನ್ನು ತೆಗೆಯದೆ ಬಹಳ ಹೊತ್ತು ನಿಂತರು. ಎರಡು ಗಂಟೆ ಕಾಲ ಅವರು ಮಾತಾಡಿದ್ದೇ ಮಾತಾಡಿದ್ದು. ಅಷ್ಟು ಖುಷಿಯಾಗಿ ನಾನು ಅವರನ್ನು ಯಾವತ್ತೂ ನೋಡಿರಲಿಲ್ಲ.

ಅಡುಗೆಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಒಲೆಯ ಕಮಾನು ಇನ್ನೂ ನಿಂತಿತ್ತು. ಮೂಲೆಯಲ್ಲಿ, ನೆಲಕ್ಕೆ ಹೊಂದಿಕೊಂಡು, ಆ ದಾರಿಯ ಬಾಯಿ. ಪಕ್ಕದಲ್ಲಿ ಒಂದು ಫಲಕ: ಕೈಯಲ್ಲಿ ದೀಪ ಹಿಡಿದ ಹುಡುಗಿಯ ಚಿತ್ರ, ಕೆಳಗೆ ಅವಳ ದ್ರೋಹದ ಕಥೆ. ಸರ್ ಅದನ್ನು ಓದಿ ತಲೆದೂಗಿ, ನಮಗೆ ವಿವರಿಸಲು ಗಂಟಲು ಸರಿಮಾಡಿಕೊಂಡರು.

ಸಿಸ್ಟರ್ ಒಲೆಯ ಕಟ್ಟೆಯ ಮೇಲೆ ಕೂತು ಸ್ವೆಟರಿನ ತೋಳು ಎಳೆದುಕೊಳ್ಳುತ್ತ ನೆಲ ನೋಡುತ್ತಿದ್ದರು.

“ರೀ, ಇದು ಮೋರಿ ಅದ,” ಎಂದರು.

“ಏನಂದಿ?”

“ಮೋರಿ. ಮುಸುರಿ ಚೆಲ್ಲೋದು. ನೆಲ ನೋಡ್ರಿ, ನಾಕೂ ಕಡಿಂದ ಇಲ್ಲಿಗೇ ಇಳೀತದ. ಕಲ್ಲು ಹ್ಯಾಂಗ್ ನುಣ್ಣಗ ಆಗ್ಯಾವ. ನಮ್ಮವ್ವನ ಮನ್ಯಾಗ ಥೇಟ್ ಹಿಂಗೇ ಇತ್ತು.”

“ಮೆಟ್ಲು ಅವಲ್ಲ?”

“ಅದ್ರ ಮ್ಯಾಲ ನಿಮ್ಮ ಪಾದ ಹಿಡಿಸ್ತದೇನು, ಇಟ್ಟು ನೋಡ್ರಿ.”

ಸರ್ ಇಟ್ಟು ನೋಡಿದರು. ಬೆರಳುಗಳಷ್ಟೇ ನಿಂತವು, ಹಿಮ್ಮಡಿ ಗಾಳಿಯಲ್ಲಿತ್ತು. ನಕ್ಷೆಯಲ್ಲಿ ಮೂರು ಗೆರೆ ನೋಡಿ ಮೆಟ್ಟಿಲೆಂದುಕೊಂಡಿದ್ದು ನೀರಿಳಿಯಲು ಕೊಟ್ಟ ಹಂತಗಳು. ಸರ್ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ಹೊಟ್ಟೆಯ ಮೇಲೆ ಮಲಗಿ, ಕೈಗಳನ್ನು ಮುಂದೆ ಚಾಚಿ ಒಳಗೆ ತೆವಳತೊಡಗಿದರು. ಸೊಂಟದವರೆಗೆ ಹೋದರು. ಅಲ್ಲಿಗೆ ನಿಂತರು. ಕಾಲು ಒದ್ದಾಡಿದವು. ಒಳಗಿಂದ ಮಂದವಾಗಿ ಕೇಳಿಸಿತು: “ಸಿಕ್ಕೀನಿ.”

ನಾನೊಂದು ಕಾಲು, ಸಿಸ್ಟರ್ ಒಂದು ಕಾಲು ಹಿಡಿದು ಎಳೆದೆವು. ಅಂಗಿಯ ಭುಜ ಹರಿದಿತ್ತು, ಮೊಣಕೈ ತರಚಿ ರಕ್ತ ಬರುತ್ತಿತ್ತು. ಸಿಸ್ಟರ್ ಬೈಯಲಿಲ್ಲ. ಕೈಚೀಲದಿಂದ ಹತ್ತಿ, ಪಟ್ಟಿ ತೆಗೆದು ಅಲ್ಲೇ ಕೂತು ಒರೆಸತೊಡಗಿದರು.

“ಆ ಕಡಿ ಬಾಯಿ ಇಷ್ಟೇ ಅದ,” ಎಂದು ಸರ್ ಎರಡು ಅಂಗೈಗಳ ನಡುವೆ ಒಂದಡಿ ಜಾಗ ಬಿಟ್ಟು ತೋರಿಸಿದರು. “ಕೆಳಗ ಬರೇ ಸಮುದ್ರ. ದೋಣಿ ನಿಲ್ಸ್ಲಿಕ್ಕ ಒಂದ್ ಕಲ್ಲಿಲ್ಲ. ಆಕಿ ಬಾಗ್ಲಾ ತೆಗದಿಲ್ಲ. ಬಾಗ್ಲೇ ಇಲ್ಲ.”

“ಹೋಗ್ಲಿ ಬಿಡ್ರಿ, ನಕ್ಷ್ಯಾದಾಗ ಏನ್ ಗೊತ್ತಾಗ್ತದ,” ಎಂದರು ಸಿಸ್ಟರ್.

“ಮೂವತ್ತ್ ವರ್ಷ ಆತು, ನೀರ್ ಎಲ್ಲಿಂದ ಬರ್ತಾವಂತ ಊರಿಗೆಲ್ಲ ಕೇಳ್ದೆ. ಎಲ್ಲಿಗಿ ಹೋಗ್ತಾವ ಅಂತ ಒಮ್ಮಿನೂ ಕೇಳ್ಲಿಲ್ಲ. ಒಂದಿನ ಭಾಂಡಿ ತಿಕ್ಕಿದ್ದಿದ್ರ ಕೇಳ್ತಿದ್ನೇನೋ.” ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ನೂರಾರ್ ವರ್ಷ ಆಕಿ ಪರ ಒಬ್ರೂ ಇರ್ಲಿಲ್ಲ. ನಾ ಒಬ್ಬ ದೂರದವ ಬಂದೆ. ನಾನೂ ಆಕಿ ಮ್ಯಾಲೇ ಸಾಕ್ಷಿ ಹೇಳ್ದೆ.”

ಮೂವರೂ ಆ ಹುಡುಗಿಯ ಅಡುಗೆಮನೆಯಲ್ಲಿ ಕೂತು ಸಿಸ್ಟರ್ ಕಟ್ಟಿ ತಂದಿದ್ದ ಚಪಾತಿ ತಿಂದೆವು. ವಾಪಸು ಹೋಗುವಾಗ ಸರ್ ಕಾರಿನ ಹಿಂದಿನ ಸೀಟಿನಲ್ಲಿ ಸಿಸ್ಟರ್ ಪಕ್ಕ ಕೂತರು.

ಊರಿಗೆ ಬಂದ ವಾರವೇ ಒಂದು ಪುಟದ ತಿದ್ದುಪಡಿ ಬರೆದು ನನಗೆ ತೋರಿಸಿದರು. ಮೊದಲ ಸಾಲು: ‘ಇದು ಬಾಗಿಲಲ್ಲ, ಮೋರಿ, ಇದನ್ನು ಮೊದಲು ಕಂಡವಳು ನನ್ನ ಹೆಂಡತಿ.’ ಅದನ್ನು ಹಿಡಿದು ನಾರ್ತ್‌ರಿಜ್‌ಗೆ ಹೋಗಿ, ತಮ್ಮ ಪ್ರಬಂಧದ ಪ್ರತಿಯೊಳಗೆ ಅಂಟಿಸಲು ಲೈಬ್ರರಿಯಲ್ಲಿ ಕೇಳಿದರು. ಬೈಂಡ್ ಆದ ಪ್ರತಿಗೆ ಏನನ್ನೂ ಅಂಟಿಸುವಂತಿಲ್ಲ ಎಂದರು ಅಲ್ಲಿಯವರು. ನಿವೃತ್ತರಾಗಿದ್ದ ಪ್ರೊಫೆಸರಮ್ಮನಿಗೆ ಬರೆದರು. ಎಂ.ಎ. ಪ್ರಬಂಧಗಳನ್ನು ಯಾರೂ ಓದುವುದಿಲ್ಲ, ಚಿಂತೆ ಬಿಡಿ ಎಂದು ಆಕೆ ಪ್ರೀತಿಯಿಂದಲೇ ಉತ್ತರಿಸಿದರು. ಸರ್ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಯಾರೂ ಓದಂಗಿಲ್ಲಂದ್ರ ಸುಳ್ಳು ಇರ್ಬಹುದೇನು ತಮ್ಮಾ?”

ಕೊನೆಗೆ ಆ ಪುಟವನ್ನು ಕೋಟೆ ನೋಡಿಕೊಳ್ಳುವ ಊರ ಸಮಿತಿಗೇ ಕಳಿಸಿದರು. ಮೋರಿಯ ಫೋಟೋ, ಅಳತೆ, ತಮ್ಮ ಹರಿದ ಅಂಗಿಯ ವಿವರ ಎಲ್ಲ ಸೇರಿಸಿ. ಎರಡು ಸಾಲಿನ ಧನ್ಯವಾದ ಬಂತು. ಆಮೇಲೆ ಸುದ್ದಿಯಿಲ್ಲ. ಸರ್ ಮತ್ತೆ ಕೇಳಲಿಲ್ಲ. ಆದರೆ ಪ್ರತಿ ಸೆಮಿಸ್ಟರಿನ ಮೊದಲ ಕ್ಲಾಸಿನಲ್ಲಿ, ತಾವು ಒಬ್ಬ ನಿರಪರಾಧಿಯ ವಿರುದ್ಧ ಅಧ್ಯಾಯ ಬರೆದ ಕಥೆಯನ್ನು ಹೇಳಿಯೇ ಪಾಠ ಶುರುಮಾಡುತ್ತಿದ್ದರು. ಮನೆಯಲ್ಲಿ ಪಾತ್ರೆ ತೊಳೆಯುವುದನ್ನೂ ಶುರುಮಾಡಿದರು. “ಅರ್ಧಾ ಜಿಡ್ಡು ಹಂಗೇ ಇರ್ತದ,” ಎಂದು ಸಿಸ್ಟರ್ ನಗುತ್ತಿದ್ದರು.

ಅವರ ಅಂತ್ಯಕ್ರಿಯೆಗೆ ನೌಕಾಪಡೆಯ ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ಮಂದಿ ಬಂದಿದ್ದರು. ಒಬ್ಬ ದೊಡ್ಡ ಆಳು ಒಳಗೆ ಬರುವಾಗ ಗೋಡೆಯನ್ನು ಎರಡು ಸಲ ತಟ್ಟಿದ್ದನ್ನು ನಾನು ನೋಡಿದೆ.

ಈ ಅಕ್ಟೋಬರಿನಲ್ಲಿ ಕಂಪನಿಯ ಕೆಲಸಕ್ಕೆಂದು ಬ್ರಿಟನ್ನಿಗೆ ಹೋದವನು ಎರಡು ದಿನ ರಜೆ ಹಾಕಿ, ಕಾರು ಬಾಡಿಗೆಗೆ ಹಿಡಿದು ಒಬ್ಬನೇ ಆ ಕೋಟೆಗೆ ಹೋದೆ. ಅಡುಗೆಮನೆಯಲ್ಲಿ ಕಾಲೇಜು ವಯಸ್ಸಿನ ಒಬ್ಬ ಗೈಡ್ ಹುಡುಗಿ ಏಳೆಂಟು ಪ್ರವಾಸಿಗರಿಗೆ ವಿವರಿಸುತ್ತಿದ್ದಳು. ಫಲಕ ಅದೇ ಇತ್ತು, ದೀಪದ ಹುಡುಗಿ ಅಲ್ಲೇ ಇದ್ದಳು. ನನಗೆ ಬೇಸರವಾಗಿ ಹೊರಡಬೇಕೆಂದಿದ್ದೆ. ಅಷ್ಟರಲ್ಲಿ ಗೈಡ್ ಹೇಳಿದಳು:

“ಇದನ್ನು ನಂಬಬೇಡಿ. ಹೊಸ ಫಲಕ ಮಾಡಿಸಲು ಸಮಿತಿಗೆ ಇನ್ನೂ ಆಗಿಲ್ಲ. ಎರಡು ವರ್ಷದ ಹಿಂದೆ ಭಾರತದ ಒಬ್ಬ ದಪ್ಪನೆಯ ಪ್ರೊಫೆಸರ್ ಬಂದು ಇದರೊಳಗೆ ತೂರಿ ನೋಡಿದರು. ನಡುವೆ ಸಿಕ್ಕಿಹಾಕಿಕೊಂಡರು. ಜೊತೆಗಿದ್ದವರು ಎಳೆದು ತೆಗೆಯಬೇಕಾಯಿತು. ಇದು ಬಾಗಿಲಲ್ಲ, ಅಡುಗೆಮನೆಯ ಚರಂಡಿ. ಆ ಹುಡುಗಿ ಏನೂ ಮಾಡಿರಲಿಲ್ಲ.”

ಪ್ರವಾಸಿಗರು ನಕ್ಕರು. ಒಬ್ಬಳು ಪುಟ್ಟ ಹುಡುಗಿ ಬಗ್ಗಿ ಒಳಗೆ ನೋಡಿ, ತಾನೂ ಹೋಗಲಾರೆ ಎಂದಳು. ಅವರು ದಪ್ಪ ಇರಲಿಲ್ಲ ಎಂದು ಹೇಳಬೇಕೆನಿಸಿತು. ಹೊರಗೆ ಬಂದು, ಕಾರಿನ ಹತ್ತಿರ ನಿಂತು ಸಿಸ್ಟರ್‌ಗೆ ಫೋನ್ ಮಾಡಿದೆ. ಸ್ಯಾನ್ ಡಿಯೇಗೋದಲ್ಲಿ ಆಗ ಬೆಳಗಿನ ಎಂಟು. ಗೈಡ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಸಿಸ್ಟರ್ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ನನ್ನ ಸುದ್ದಿ ಏನ್ ಹೇಳಿದ್ಲು ಆ ಹುಡುಗಿ?”

“ನಿಮ್ಮ ವಿಷಯ ಬರ್ಲಿಲ್ಲ ಸಿಸ್ಟರ್. ಜೊತೇಲಿದ್ದೋರು ಎಳೆದ್ರು ಅಂದ್ಲು ಅಷ್ಟೇ.”



“ಮೋರಿ ಅಂತ ಮೊದ್ಲ ನೋಡ್ದಾಕಿ ನಾ,” ಎಂದರು. “ಇವ್ರು ಮೊದಲ್ನೇ ಸಾಲಿನ್ಯಾಗೇ ಬರ್ದಿದ್ರು.”

“ಸಿಸ್ಟರ್, ಫೋನ್ ಇಡ್ಬೇಡಿ,” ಎಂದೆ. ಮತ್ತೆ ಕೋಟೆಯ ಕಡೆ ನಡೆದೆ. ಗೈಡ್ ಹುಡುಗಿ ಟಿಕೆಟ್ ಕಿಟಕಿ ಮುಚ್ಚುತ್ತಿದ್ದಳು. ಅವಳಿಗೆ ನಾನು ಯಾರು, ಆ ದಿನ ಏನಾಯಿತು, ಒಲೆಯ ಕಟ್ಟೆಯ ಮೇಲೆ ಕೂತವರು ಏನೆಂದರು ಎಲ್ಲ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಒಂದು ಕರಪತ್ರವನ್ನು ಮಗುಚಿ, ಅದರ ಬೆನ್ನಿನ ಮೇಲೆ ಬರೆದುಕೊಳ್ಳತೊಡಗಿದಳು.

“ಅವರ ಹೆಸರು?” ಎಂದು ತಲೆಯೆತ್ತಿ ಕೇಳಿದಳು.

ನಾನು ಫೋನನ್ನು ಅವಳ ಕೈಗೆ ಕೊಟ್ಟೆ.